ಟ್ಯಾಂಕಿಗೊಂದು ಕೋಡಿ: ಮೂರು ಬಗೆ ಕಟ್ಟಿ ನೋಡಿದ್ದು

ನಮ್ಮ ಅಕ್ವೇರಿಯಂ ಇರುವುದು ನಡುಮನೆಯಲ್ಲಿ, ಅಡುಗೆಮನೆ ಬಾಗಿಲಿನಿಂದ ಆರೇ ಹೆಜ್ಜೆ. ಬೆಳಿಗ್ಗೆ ಒಗ್ಗರಣೆ ಚಟಪಟ ಅಂದರೆ ಸಂಜೆಯ ಹೊತ್ತಿಗೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ. ತಪ್ಪೆಲ್ಲ ಒಗ್ಗರಣೆಯದ್ದೇ ಅಲ್ಲ. ಮೀನಿನ ಆಹಾರದಲ್ಲಿರುವ ಎಣ್ಣೆ, ಕೊಳೆತ ಎಲೆಯಿಂದ ಬರುವ ಪ್ರೋಟೀನು, ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ಎಲ್ಲ ಸೇರಿ ಕಾಯಿಸಿದ ಹಾಲಿನ ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಪೊರೆ ದಪ್ಪವಾದಷ್ಟೂ ನೀರಿಗೂ ಗಾಳಿಗೂ ನಡುವಿನ ಕೊಡುಕೊಳ್ಳುವಿಕೆ ಕುಗ್ಗುತ್ತದೆ. ಬೆಳಗಿನ ಜಾವ ಲೈಟು ಹಾಕಿದರೆ ಗಪ್ಪಿ ಮೀನುಗಳೆಲ್ಲ ಮೇಲೆ ಸೇರಿ ಬಾಯಿ ಬಡಿಯುತ್ತಿರುತ್ತವೆ.

ಫಿಲ್ಟರ್ ಇತ್ತು. ಆದರೆ ಅದು ಕೆಳಗಿನ ನೀರನ್ನಷ್ಟೇ ಎಳೆಯುತ್ತದೆ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಫಿಲ್ಟರ್ ಅನ್ನುವುದು ಕೆರೆಯ ತಳದಿಂದ ನೀರು ಬಿಡುವ ತೂಬು. ಮೇಲೆ ತೇಲುವ ಕಸ ತೂಬಿನಲ್ಲಿ ಹೋಗುವುದಿಲ್ಲ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕೋಡಿಯಲ್ಲಿ ಹೋಗುತ್ತದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದಾಗ ನೋಡಿದವರಿಗೆ ನೆನಪಿರಬಹುದು, ಮೊದಲು ಹೋದದ್ದು ತೇಲುವ ಕಸಕಡ್ಡಿ, ಥರ್ಮಾಕೋಲು. ನನ್ನ ಎರಡಡಿ ಟ್ಯಾಂಕಿಗೂ ಒಂದು ಕೋಡಿ ಬೇಕಿತ್ತು.

ಅಲ್ಲಿಯವರೆಗೆ ಮಾಡುತ್ತಿದ್ದುದು ಕಾಗದದ ಉಪಾಯ. ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎಳೆದುಕೊಂಡರೆ ಪೊರೆ ಅಂಟಿಕೊಂಡು ಬರುತ್ತದೆ. ಕೆಲಸ ಮಾಡುತ್ತದೆ, ಆದರೆ ದಿನಾ ಮಾಡಬೇಕು.

ಮೊದಲು ಅಳತೆ ಹೇಳಿಬಿಡುತ್ತೇನೆ, ಮುಂದಿನ ಪಜೀತಿಯೆಲ್ಲ ಇದರ ಮೇಲೇ ನಿಂತಿದೆ. ಟ್ಯಾಂಕು 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಹಾಗಾಗಿ ನೀರು ಒಂದು ಸೆಂಟಿಮೀಟರ್ ಏರಿದರೆ ಅಥವಾ ಇಳಿದರೆ 1.8 ಲೀಟರ್. ಪಂಪು ಗಂಟೆಗೆ ಸುಮಾರು 300 ಲೀಟರ್ ಎತ್ತುತ್ತದೆ. ಕೆಳಗೆ, ಟ್ಯಾಂಕಿನಿಂದ ಇಳಿದ ನೀರು ನಿಲ್ಲುವ ಸಂಪ್ ಆಗಿ 20 ಲೀಟರಿನ ಬಕೆಟ್ಟು, ಅದರಲ್ಲಿ 12 ಲೀಟರ್ ನೀರು.

ಮೊದಲು ಕಟ್ಟಿದ್ದು ಎರಡು ಪೆಟ್ಟಿಗೆಯ ಕೋಡಿ. ಒಂದು ಪೆಟ್ಟಿಗೆ ಟ್ಯಾಂಕಿನ ಒಳಗೆ, ಇನ್ನೊಂದು ಹೊರಗೆ, ಎರಡನ್ನೂ ಜೋಡಿಸಲು ಅಂಚಿನ ಮೇಲಿಂದ ಹಾಯುವ ಕಮಾನಿನಂಥ ಸೈಫನ್ ಕೊಳವೆ, ಒಳಗೆ ನೀರು ತುಂಬಿದ್ದಷ್ಟು ಹೊತ್ತು ಪಂಪಿಲ್ಲದೆಯೇ ನೀರನ್ನು ಅಂಚು ಹತ್ತಿಸಿ ಇಳಿಸುವಂಥದ್ದು. ಒಳಪೆಟ್ಟಿಗೆಯ ಬಾಯಿಗೆ ಹಲ್ಲುಹಲ್ಲಾಗಿ ಸೀಳು. ಮೇಲ್ಪದರದ ನೀರು ಆ ಹಲ್ಲಿನ ನಡುವೆ ಬಿದ್ದು, ಸೈಫನ್ ದಾಟಿ, ಹೊರಪೆಟ್ಟಿಗೆಯಿಂದ ಬಕೆಟ್ಟಿಗೆ ಇಳಿಯುತ್ತದೆ. ಪಂಪು ಅದನ್ನೇ ಮತ್ತೆ ಮೇಲೆತ್ತುತ್ತದೆ.

ಜಿಪುಣತನದಿಂದ ಮೊದಲ ಪ್ರಯತ್ನಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬವನ್ನೇ ಕತ್ತರಿಸಿದೆ. ಆ ಜಾತಿಯ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯುವುದಿಲ್ಲ, ಮೂರನೇ ದಿನ ಸಿಪ್ಪೆಯ ಹಾಗೆ ಕಳಚಿಬಂತು. ಆಮೇಲೆ ಬೋರ್ಡ್ ಬರೆಯುವವರ ಹತ್ತಿರ ಅಕ್ರಿಲಿಕ್ ತುಂಡು ತಂದು ಸಿಲಿಕೋನ್ ಹಚ್ಚಿದೆ, ಅದೂ ನಿಲ್ಲಲಿಲ್ಲ. ಸಿಲಿಕೋನಿಗೂ ಗಾಜಿಗೂ ಚೆನ್ನಾಗಿ ಕೂಡಿಬರುತ್ತದೆ, ಅಕ್ರಿಲಿಕ್ಕಿನ ಜೊತೆ ಅದು ಏಗುವುದಿಲ್ಲ. ಕೊನೆಗೆ ಗಾಜಿನ ಅಂಗಡಿಯಲ್ಲಿ 4 ಮಿ.ಮೀ. ಗಾಜಿನ ಚೂರುಗಳನ್ನು ಅಳತೆಗೆ ಕೊಯ್ಸಿಕೊಂಡೆ. ‘ಏನಣ್ಣಾ, ಇಷ್ಟು ಚಿಕ್ಕ ಮನೆ ಯಾರಿಗೆ?’ ಎಂದ ಹುಡುಗ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ಹಿಡಿಯದ ಹಾಗೆ ಔಷಧಿ ಬೆರೆಸಿದ ಸಿಲಿಕೋನ್ ಬೇಡ, ಮೀನಿಗೆ ಆಗುವುದಿಲ್ಲ. ಅಕ್ವೇರಿಯಮ್ಮಿಗೆಂದೇ ಸಿಗುವುದನ್ನು ಹಚ್ಚಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಎರಡು ದಿನ ಬಿಟ್ಟೆ. ಹಲ್ಲುಗಳಿಗೆ ಒಂದು ಬಾಚಣಿಗೆಯನ್ನೇ ಕತ್ತರಿಸಿ ಅಂಚಿಗೆ ಸಿಕ್ಕಿಸಿದ್ದು, ಅದೊಂದು ಬುದ್ಧಿವಂತಿಕೆ ಮಾತ್ರ ಮೊದಲ ಸಲವೇ ಫಲಿಸಿತು.

ಪೊರೆ ತೆಗೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕೋಡಿ ಅಗಲವಾದಷ್ಟೂ ಅದರ ಮೇಲೆ ಹಾಯುವ ನೀರಿನ ಪದರ ತೆಳ್ಳಗಾಗುತ್ತದೆ, ತೆಳ್ಳಗಾದಷ್ಟೂ ಬರೀ ಮೇಲಿನ ಕೆನೆಯೇ ಹೋಗುತ್ತದೆ. ಹತ್ತು ಸೆಂಟಿಮೀಟರ್ ಬಾಯಿ ಸಾಕಾಗಿತ್ತು. ಮೀನಿನ ಆಹಾರವನ್ನು ನುಣ್ಣಗೆ ಪುಡಿಮಾಡಿ ನೀರಿನ ಮೇಲೆ ಉದುರಿಸಿ ಗಡಿಯಾರ ನೋಡಿದೆ: ಮೂರು ನಿಮಿಷದೊಳಗೆ ನೀರು ಕನ್ನಡಿ.

ಹನ್ನೊಂದನೆಯ ದಿನ ಮನೆ ಕೆರೆಯಾಯಿತು.

ಆದದ್ದಿಷ್ಟು. ಕೊಳವೆ ದಪ್ಪವಿದ್ದರೆ ಒಳ್ಳೆಯದೆಂದು 25 ಮಿ.ಮೀ.ಯದನ್ನು ಹಾಕಿದ್ದೆ. ಗಂಟೆಗೆ 300 ಲೀಟರ್ ನೀರು ಅಷ್ಟು ದಪ್ಪದ ಕೊಳವೆಯಲ್ಲಿ ಸೆಕೆಂಡಿಗೆ 17 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಆ ಸೋಮಾರಿ ಹರಿವಿಗೆ ಗಾಳಿಗುಳ್ಳೆಗಳನ್ನು ತಳ್ಳಿಕೊಂಡು ಹೋಗುವ ಕಸುವಿಲ್ಲ. ಒಂದೊಂದೇ ಗುಳ್ಳೆ ಕಮಾನಿನ ನೆತ್ತಿಯಲ್ಲಿ ಕೂತು, ಕೂಡಿ, ಕೊನೆಗೆ ಸೈಫನ್ನಿನ ಹರಿವು ತುಂಡಾಯಿತು. ಪಂಪಿಗೆ ಇದೇನು ಗೊತ್ತು? ಅದು ಎತ್ತುತ್ತಲೇ ಇತ್ತು. ಟ್ಯಾಂಕಿನ ಅಂಚಿನವರೆಗೆ ಉಳಿದಿದ್ದ ಜಾಗ 2 ಸೆಂ.ಮೀ., ಅಂದರೆ 3.6 ಲೀಟರ್. ಮಿಕ್ಕ ಏಳೆಂಟು ಲೀಟರ್ ಟಿ.ವಿ. ಕೆಳಗೆ.

ಅಮ್ಮ ನೆಲ ಒರೆಸುತ್ತಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಅವಳ ತಂದೆ ಮುಳಬಾಗಿಲು ಕಡೆಯ ಊರಲ್ಲಿ ಕೆರೆಯ ನೀರು ಬಿಡುವ ನೀರುಗಂಟಿ. ‘ಕೋಡಿ ಅಂತೀಯ, ಕೋಡಿ ಯಾವತ್ತಾದ್ರೂ ಕೆಟ್ಟೋಗ್ತದೇನೋ? ತೂಬಿಗೆ ಬಾಗಿಲು, ಕೋಡಿಗೆ ಏನೂ ಇಲ್ಲ. ನೀನು ಕಟ್ಟಿರೋದು ಕೋಡಿನೇ ಅಲ್ಲ.’ ಸರಿಯಾದ ಮಾತು. ಗಾಜಿಗೆ ತೂತು ಕೊರೆದು ಕೂರಿಸಿದ ಪೈಪೊಂದೇ ನಿಜವಾದ ಕೋಡಿ, ಸೈಫನ್ ಇರುವುದೆಲ್ಲ ಕೋಡಿಯ ವೇಷ. ಆದರೆ ನೀರು ತುಂಬಿ ಮೀನು ಓಡಾಡುತ್ತಿರುವ ಟ್ಯಾಂಕಿಗೆ ಡ್ರಿಲ್ ಹಿಡಿಯುವ ಧೈರ್ಯ ಯಾರಿಗಿದೆ.

ತಿದ್ದಿದೆ. ದಪ್ಪ ಕೊಳವೆಯ ಬದಲು 12 ಮಿ.ಮೀ. ಒಳಗಾತ್ರದ ಎರಡು ಕೊಳವೆ. ಈಗ ನೀರಿನ ವೇಗ ಮೊದಲಿನ ಎರಡರಷ್ಟಕ್ಕಿಂತ ಹೆಚ್ಚು, ಗುಳ್ಳೆ ನಿಲ್ಲುವುದಿಲ್ಲ, ಒಂದು ನಿಂತರೂ ಇನ್ನೊಂದು ಇದೆ. ಇನ್ನೊಂದು ತಿದ್ದುಪಡಿ ಅದಕ್ಕಿಂತ ಮುಖ್ಯ: ಪಂಪನ್ನು ಬಕೆಟ್ಟಿನ ತಳದಲ್ಲಿಡದೆ ಇಟ್ಟಿಗೆಯ ಮೇಲೆ ಕೂರಿಸಿದೆ. ಅದರ ಬಾಯಿಗಿಂತ ಮೇಲಿರುವುದು ಮೂರೇ ಲೀಟರ್. ಸೈಫನ್ ತುಂಡಾದರೂ ಅಷ್ಟೇ ನೀರು ಮೇಲೇರುತ್ತದೆ, ಟ್ಯಾಂಕು ಅದನ್ನು ತಡೆದುಕೊಳ್ಳುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಏಪ್ರಿಲ್ ಬಿಸಿಲಿಗೆ ಆ ಮೂರು ಲೀಟರ್ ನಾಲ್ಕೈದು ದಿನದಲ್ಲೇ ಆವಿಯಾಗಿ ಪಂಪು ಗೊರಗೊರ ಅನ್ನುತ್ತದೆ.

ಎರಡನೆಯದು ಪಿವಿಸಿ ಪೈಪಿನದು. ಮುಕ್ಕಾಲು ಇಂಚಿನ ಪೈಪು, ಮೂಲೆ ತಿರುಗಿಸುವ ಏಳು ಎಲ್ಬೋ, ಮೂರು ಬಾಯಿಯ ಒಂದು ಟೀ, ಅಂಟಿಸಲು ಸಾಲ್ವೆಂಟು. ನೀರು ಮೇಲ್ಪದರದಲ್ಲಿ ಪೈಪಿನ ಬಾಯಿಗೆ ಬಿದ್ದು ಕೆಳಗಿಳಿದು, ಅಂಚು ಹತ್ತಿ ದಾಟಿ, ಹೊರಗೆ ಮತ್ತೆ ಇಳಿದು ಮತ್ತೆ ಮೇಲೇರಿ, ಟೀಯಿಂದ ಬಕೆಟ್ಟಿಗೆ. ಎರಡೂ ಕಡೆ ಪೈಪು ಬಾಗಿರುವುದರಿಂದ ಪಂಪು ನಿಂತರೂ ಒಳಗಿನ ನೀರು ಖಾಲಿಯಾಗುವುದಿಲ್ಲ, ಕರೆಂಟ್ ಬಂದ ತಕ್ಷಣ ತಾನೇ ಹರಿಯುತ್ತದೆ. ಟೀಯ ನೆತ್ತಿ ತೆರೆದೇ ಇರಬೇಕು. ಮುಚ್ಚಿದರೆ ಅಲ್ಲಿಂದಲೂ ಸೈಫನ್ ಹುಟ್ಟಿ ಟ್ಯಾಂಕಿನ ನೀರನ್ನು ಬಾಯಿಯವರೆಗೂ ಎಳೆದು ಗಾಳಿ ನುಂಗುತ್ತದೆ. ಕಮಾನಿನ ನೆತ್ತಿಗೆ ಸಣ್ಣ ಏರ್‌ಲೈನ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಪಂಪಿನ ಗಾಳಿ ಎಳೆಯುವ ಮೂತಿಗೆ ಕೊಟ್ಟೆ, ಸೇರಿದ ಗುಳ್ಳೆಗಳನ್ನು ಅದೇ ಹೀರಿಕೊಳ್ಳುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಜಿಲ್ಲೆ ನಮ್ಮದು. ಆ ಹೆಮ್ಮೆ ಇದ್ದೇ ಇದೆ, ಆದರೂ ಕರೆಂಟ್ ಹೋಗಿ ಬಂದರೆ ಏನಾಗುತ್ತದೆಂದು ತಿಳಿಯಲು, ಯಾವುದೇ ಕೋಡಿಯನ್ನು ನಂಬುವ ಮೊದಲು ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿ ನೋಡುವುದು ನನ್ನ ನಿಯಮ. ತಿದ್ದಿದ ಗಾಜಿನ ಪೆಟ್ಟಿಗೆ ಒಂಬತ್ತು ಸಲ ಪಾಸು. ಪಿವಿಸಿ ಹತ್ತಕ್ಕೆ ಹತ್ತು.

ಆದರೆ ಸದ್ದು! ಟೀಯೊಳಗೆ ನೀರು ಬೀಳುವ ಗೊಳಗೊಳ ರಾತ್ರಿ ಪಕ್ಕದ ಕೋಣೆಗೂ ಕೇಳುತ್ತಿತ್ತು. ಟೀಯ ಬಾಯಿಗೆ ಸ್ಪಂಜು ತುರುಕಿದ ಮೇಲೆ ಅರ್ಧ ತಗ್ಗಿತು. ಪೊರೆ ತೆಗೆಯುವುದರಲ್ಲೂ ಹಿಂದೆ, ಪೈಪಿನ ಬಾಯಿಯ ಸುತ್ತಳತೆ ಎಂಟು ಸೆಂಟಿಮೀಟರ್ ಇದ್ದರೂ ಮೂಲೆಯ ಗೋಡೆ ಕಡೆಯ ಭಾಗ ದಂಡ. ಅದೇ ಪುಡಿ ಪರೀಕ್ಷೆಗೆ ಏಳೆಂಟು ನಿಮಿಷ ಹಿಡಿಯಿತು. ನೋಡಲಂತೂ ಬಚ್ಚಲ ಪೈಪ್‌ಲೈನು.

ಇದನ್ನು ಕೆಡಿಸಿದ್ದು ನಮ್ಮ ಬೋರ್‌ವೆಲ್ ನೀರು. ಪಂಪಿನಿಂದ ಮೇಲೆ ಬರುವ ಪೈಪಿನ ತುದಿ ನೀರಿನೊಳಗೆ ಆರು ಸೆಂಟಿಮೀಟರ್ ಮುಳುಗಿತ್ತು. ಕರೆಂಟ್ ಹೋದಾಗ ಅದು ಹಿಮ್ಮುಖವಾಗಿ ಹರಿಯದಿರಲೆಂದು ಮೇಲ್ಮಟ್ಟಕ್ಕೆ ಸರಿಯಾಗಿ ಸಣ್ಣ ತೂತು ಹಾಕಿದ್ದೆ, ಗಾಳಿ ಎಳೆದು ಹರಿವು ನಿಲ್ಲಲಿ ಅಂತ. ಎರಡು ತಿಂಗಳಲ್ಲಿ ಆ ತೂತನ್ನು ಸುಣ್ಣದ ಹಕ್ಕಳೆ ಮುಚ್ಚಿಬಿಟ್ಟಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಆರು ಸೆಂಟಿಮೀಟರ್ ನೀರು, ಹತ್ತಿರಹತ್ತಿರ 11 ಲೀಟರ್, ಬಕೆಟ್ಟಿಗೆ ವಾಪಸ್. ಅಲ್ಲಿ ಆಗಲೇ 12 ಇತ್ತು. ಲೆಕ್ಕ ನೀವೇ ಮಾಡಿ. ಈಗ ತುದಿಯನ್ನು ಒಂದೇ ಸೆಂಟಿಮೀಟರ್ ಮುಳುಗಿಸುತ್ತೇನೆ, ತೂತನ್ನು ನಂಬುವುದಿಲ್ಲ. ಕೋಡಿಯ ಹಲ್ಲಿಗೂ ಇದೇ ಹಕ್ಕಳೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಹೋಳಿನಲ್ಲಿ ತಿಕ್ಕಿ ತೊಳೆಯಬೇಕು. ಗಪ್ಪಿ, ಮೋಲಿಗಳಿಗೆ ಗಡಸು ನೀರು ಹಿತ. ಪೈಪಿಗಲ್ಲ.

ಮೂರನೆಯದರಲ್ಲಿ ಬಕೆಟ್ಟೇ ಇಲ್ಲ. ಟ್ಯಾಂಕಿನ ಒಳಗೇ ಒಂದು ಉದ್ದನೆಯ ಡಬ್ಬ, ರಬ್ಬರ್ ಬಟ್ಟಲಿನಿಂದ ಗಾಜಿಗೆ ಕಚ್ಚಿಸಿದ್ದು. ಬಾಯಿ ನೀರಿನ ಮಟ್ಟಕ್ಕಿಂತ ಅರ್ಧ ಸೆಂಟಿಮೀಟರ್ ಕೆಳಗೆ. ಒಳಗೆ ಸ್ಪಂಜು, ಅದರಡಿ 5 ವ್ಯಾಟಿನ ಪುಟ್ಟ ಪಂಪು. ಮೇಲ್ಪದರ ಡಬ್ಬಕ್ಕೆ ಬೀಳುತ್ತದೆ, ಸ್ಪಂಜಿನಲ್ಲಿ ಸೋಸಿ ಟ್ಯಾಂಕಿಗೇ ಮರಳುತ್ತದೆ. ನೀರು ಗಾಜು ದಾಟುವುದೇ ಇಲ್ಲವಾದ್ದರಿಂದ ನೆಲ ಒದ್ದೆಯಾಗುವ ದಾರಿಯೇ ಇಲ್ಲ. ಪಂಪು ಬಿಟ್ಟರೆ ಖರ್ಚು ನೂರು ರೂಪಾಯಿಯೊಳಗೆ. ಪುಡಿ ಪರೀಕ್ಷೆಗೆ ನಾಲ್ಕು ನಿಮಿಷ, ಅದೂ ಪಂಪಿನ ಮೂತಿಯನ್ನು ಎದುರು ಗೋಡೆಗೆ ತಿರುಗಿಸಿ ನೀರು ಸುತ್ತಿ ಬರುವ ಹಾಗೆ ಮಾಡಿದ ಮೇಲೆ.

ಇದರ ರೋಗ ಬೇರೆ. ನೀರು ಆವಿಯಾಗಿ ಬಾಯಿಗಿಂತ ಕೆಳಗಿಳಿದರೆ ಡಬ್ಬ ಬರಿದಾಗಿ ಪಂಪು ಒಣಗಿ ಓಡುತ್ತದೆ. ಹೀಗೆ ಒಂದನ್ನು ಸುಟ್ಟುಕೊಂಡೆ. ಬಾಯಿಗೆ ಮಾತ್ರೆ ಡಬ್ಬಿಯ ಉಂಗುರ ಕತ್ತರಿಸಿ, ಥರ್ಮಾಕೋಲ್ ಪಟ್ಟಿ ಅಂಟಿಸಿ, ನೀರಿನ ಜೊತೆಗೇ ಏರಿಳಿಯುವ ತೇಲುವ ಕೋಡಿ ಮಾಡಿದೆ. ಹದಿನೈದು ದಿನ ಸೊಗಸಾಗಿ ತೇಲಿತು, ಆಮೇಲೆ ಅದೇ ಸುಣ್ಣ ಹಿಡಿದು ಸಿಕ್ಕಿಹಾಕಿಕೊಂಡಿತು. ಗಪ್ಪಿ ಮರಿಗಳೂ ಡಬ್ಬಕ್ಕೆ ಬೀಳುತ್ತಿದ್ದವು, ಸ್ಪಂಜಿನ ಮೇಲೆ ಮೂರು ಸಿಕ್ಕಿದ ದಿನ ಬಾಯಿಗೆ ಟೀ ಸೋಸುವ ಜಾಲರಿ ಕಟ್ಟಿದೆ.

ಆದರೂ ಇದೇ ಉಳಿಯಿತು. ಕಾರಣ ಒಂದು ಸಣ್ಣ ತಿಳಿವಳಿಕೆ: ಪೊರೆ ತೆಗೆಯುವ ಕೆಲಸ ಇಡೀ ದಿನ ನಡೆಯಬೇಕಿಲ್ಲ. ಬಕೆಟ್ಟಿನ ಎರಡು ಬಗೆಯಲ್ಲೂ ಕೋಡಿಯೇ ಫಿಲ್ಟರಿನ ದಾರಿ, ನಿಲ್ಲಿಸುವ ಹಾಗಿಲ್ಲ. ಇದನ್ನು ಟೈಮರಿಗೆ ಹಾಕಿ ಬೆಳಿಗ್ಗೆ ಒಂದು ಗಂಟೆ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಓಡಿಸಿದರೆ ಸಾಕಾಗುತ್ತದೆ. ಹಳೆಯ ಸ್ಪಂಜ್ ಫಿಲ್ಟರ್ ತನ್ನ ಪಾಡಿಗೆ ತೂಬಿನ ಕೆಲಸ ಮಾಡಿಕೊಂಡಿರುತ್ತದೆ.

ಮೂರಡಿಗಿಂತ ದೊಡ್ಡ ಟ್ಯಾಂಕು, ಸಂಪ್ ಬೇಕೇಬೇಕು, ತೂತು ಕೊರೆಸುವ ಹಾಗಿಲ್ಲ ಅನ್ನುವವರು ಪಿವಿಸಿ ಕಟ್ಟಿ, ಸದ್ದನ್ನು ಸಹಿಸಿಕೊಳ್ಳಿ. ಗಾಜಿನ ಪೆಟ್ಟಿಗೆ ಮೂರರಲ್ಲೂ ಚೆಂದ, ಅದರ ಕೆಲಸವೂ ಚೊಕ್ಕ. ಆದರೆ ಮನೆಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋಗುವವರಿಗೆ ನಾನಂತೂ ಹೇಳುವುದಿಲ್ಲ. ನನ್ನದು ಈಗ ಅಟ್ಟದ ಮೇಲಿದೆ, ಬಾಚಣಿಗೆ ಸಮೇತ. ಪಿವಿಸಿಯ ಎಲ್ಬೋಗಳನ್ನು ಅಮ್ಮ ಟೆರೇಸಿನ ಕರಿಬೇವಿನ ಕುಂಡಕ್ಕೆ ನೀರು ಹಾಯಿಸಲು ಇಟ್ಟುಕೊಂಡಿದ್ದಾಳೆ.