ಫೋರ್-ಡಿ ಸ್ಕ್ಯಾನಿಂಗ್ ಯಂತ್ರ: ಗದಗಿನಲ್ಲಿ 6 ವರ್ಷ ಬಳಸಿದ ಮೇಲೆ

ಫೋರ್-ಡಿ ಎಂದರೆ ತ್ರೀ-ಡಿ ಚಿತ್ರ ಚಲಿಸುತ್ತಲೇ ಕಾಣುವ ಅಲ್ಟ್ರಾಸೌಂಡ್ ಸ್ಕ್ಯಾನ್. ಯಂತ್ರ ಮಾರಲು ಬಂದವರು ತೋರಿಸಿದ್ದೆಲ್ಲ ಹೊಟ್ಟೆಯೊಳಗಿನ ಕೂಸಿನ ಮುಖವನ್ನೇ. ಸ್ತ್ರೀರೋಗ ವೈದ್ಯೆಯಾಗಿ ನನಗೆ ಹಾಕಿದ ದುಡ್ಡು ಸಾರ್ಥಕ ಅನ್ನಿಸಿದ್ದು ಗರ್ಭಕೋಶದ ಕೊರೋನಲ್ ನೋಟ, ಅಂದರೆ ನೇರ ಎದುರಿನಿಂದ ಸೀಳಿದಂತೆ ಕಾಣುವ ನೋಟ, ಕಂಡ ದಿನ.

ಮೇಲಿಂದ ಮೇಲೆ ಗರ್ಭಪಾತವಾದವರಲ್ಲಿ ಕೆಲವರಿಗೆ ಗರ್ಭಕೋಶದೊಳಗೆ ಪರದೆ ಇರುತ್ತದೆ, ಕೆಲವರಿಗೆ ಗರ್ಭಕೋಶವೇ ಎರಡು ಕೋಡಾಗಿರುತ್ತದೆ. ಟೂ-ಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ. ವ್ಯತ್ಯಾಸ ಇರುವುದು ಮೇಲ್ತುದಿಯ ಹೊರ ಅಂಚಿನಲ್ಲಿ. ಅದನ್ನು ನೇರ ಎದುರಿನಿಂದ ನೋಡಲು, ಕೈಯಲ್ಲಿ ಹಿಡಿದು ಶಬ್ದದ ಅಲೆ ಕಳಿಸುವ ಪ್ರೋಬ್‌ಗೆ ಆ ಕೋನ ಸಿಗುವುದೇ ಕಷ್ಟ. ತ್ರೀ-ಡಿಯಲ್ಲಿ ವಾಲ್ಯೂಮ್, ಅಂದರೆ ಸಾಲು ಚಿತ್ರಗಳು ಸೇರಿದ ಇಡೀ ಗಟ್ಟಿ, ಒಮ್ಮೆ ಹಿಡಿದಿಟ್ಟರೆ ಬೇಕಾದ ಕಡೆಯಿಂದ ಸೀಳಿ ನೋಡಬಹುದು. ಪರದೆಯಾದರೆ ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಸಣ್ಣ ದುರ್ಬೀನು ಇಳಿಸಿ) ಕತ್ತರಿಸಲು ಬರುತ್ತದೆ, ಕೋಡಾದರೆ ಹಾಗೆ ಕತ್ತರಿ ಹಾಕುವಂತಿಲ್ಲ. ಮೊದಲು ಇದಕ್ಕಾಗಿ ಎಂಆರ್‌ಐ ಮಾಡಿಸಲು ಹುಬ್ಬಳ್ಳಿಗೆ ಕಳಿಸುತ್ತಿದ್ದೆ. ಈಗ ಮುಟ್ಟಿಗೆ ಒಂದು ವಾರ ಇರುವಾಗ, ಒಳಪದರ ದಪ್ಪಗಿದ್ದು ಚೆನ್ನಾಗಿ ಕಾಣುವ ಹೊತ್ತಿಗೆ ಇಲ್ಲೇ ಸ್ಕ್ಯಾನ್ ಮಾಡಲು ಕರೆಸುತ್ತೇನೆ.

ಫೋರ್-ಡಿಯ ಲೈವ್ ನೋಟದ ಮಿತಿ ಗೊತ್ತಿರಲಿ. ಶಬ್ದ ದೇಹದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಚಿತ್ರ ಮೂಡುವುದು ಗೆರೆಗೆರೆಯಾಗಿ; 15 ಸೆಂ.ಮೀ. ಆಳಕ್ಕೆ ಹೋಗಿಬರಲು ಒಂದು ಗೆರೆಗೆ ಸುಮಾರು 200 ಮೈಕ್ರೊಸೆಕೆಂಡ್. 100 ಗೆರೆಯ ಚಿತ್ರಗಳು 50 ಬೇಕೆಂದರೆ ಒಂದೊಂದೇ ಗೆರೆ ಎಳೆದು ಒಂದು ವಾಲ್ಯೂಮ್‌ಗೆ 1 ಸೆಕೆಂಡೇ ಹೋಯಿತು. ವೇಗ ಹೆಚ್ಚಿಸಿದರೆ ಚಿತ್ರ ಒರಟಾಗುತ್ತದೆ. ನಿಮಿಷಕ್ಕೆ 140 ಸಲ ಬಡಿಯುವ ಕೂಸಿನ ಹೃದಯಕ್ಕೆ ಇದು ಸಾಲದು. ಅದಕ್ಕೆಂದೇ ಇರುವ ಸ್ಟಿಕ್ (STIC) ಮೋಡ್‌ನಲ್ಲಿ 10 ಸೆಕೆಂಡ್ ನಿಧಾನವಾಗಿ ಹಿಡಿದು, ಬಡಿತಕ್ಕೆ ಹೊಂದಿಸಿ ಜೋಡಿಸಬೇಕು. ನಡುವೆ ಕೂಸು ಹೊರಳಿತೋ, ಮತ್ತೆ ಮೊದಲಿಂದ. ಶಬ್ದ ಕಳಿಸಿ ಹಿಡಿಯುವ ಸಾವಿರಾರು ಪುಟ್ಟ ಎಲಿಮೆಂಟ್‌ಗಳ ಮ್ಯಾಟ್ರಿಕ್ಸ್ ಪ್ರೋಬ್ ಇದ್ದರೆ ಚೆನ್ನ, ಆದರೆ ಆ ಬೆಲೆ ನಮಗೆ ಎಟುಕಲಿಲ್ಲ.

ನಮ್ಮ ಪ್ರೋಬ್‌ನಲ್ಲಿ ಮೋಟರ್ ಎಣ್ಣೆಯೊಳಗೆ ತಲೆಯನ್ನು ತೂಗುತ್ತದೆ. ನಾಲ್ಕನೇ ವರ್ಷ ಎಣ್ಣೆಯಲ್ಲಿ ಗುಳ್ಳೆ ಸೇರಿ ಚಿತ್ರದ ನಡುವೆ ಕಪ್ಪು ಪಟ್ಟಿ ಬಂತು. ಸರ್ವಿಸ್‌ನವರು ಒಂದು ತಿಂಗಳು ಕಾಯಿಸಿದರು, ಅದು ಇನ್ನೂ ಮನಸ್ಸಿನಲ್ಲಿದೆ. ಪ್ರೋಬ್ ಭಾರವೂ ಹೌದು, ಸಂಜೆಗೆ ಮಣಿಕಟ್ಟು ನೋಯುತ್ತದೆ.

"ಕೂಸಿನ ಮಾರಿ ತೋರಸ್ರಿ ಡಾಕ್ಟರ್ರ" ಅನ್ನುವ ಅತ್ತೆಯರಿಗೆ, "ಅವ್ವಾರ, ಕೂಸು ಮಾಸಿಗೆ ಮಾರಿ ಒತ್ತಿ ಮಲಗೈತ್ರಿ, ಕಾಣಂಗಿಲ್ಲ" ಅಂತ ಎಷ್ಟೋ ಸಲ ಹೇಳಿದ್ದೇನೆ (ಮಾಸು ಎಂದರೆ ಪ್ಲಸೆಂಟಾ). ಮುಖದ ಮುಂದೆ ನೀರಿರಬೇಕು. 26ರಿಂದ 30 ವಾರದ ನಡುವೆ ಚೆನ್ನಾಗಿ ಸಿಗುತ್ತದೆ.

ಒಬ್ಬ ತಾಯಿಗೆ ಮಾತ್ರ ನಾನೇ ಕರೆದು ತೋರಿಸಿದೆ. 20ನೇ ವಾರದಲ್ಲಿ ಟೂ-ಡಿಯಲ್ಲೇ ಸೀಳುತುಟಿ ಕಂಡಿತ್ತು. ನಾನು ಎಷ್ಟು ಬಿಡಿಸಿ ಹೇಳಿದರೂ ಆಕೆಯ ಕಣ್ಣಲ್ಲಿ ಭಯ ಇಳಿದಿರಲಿಲ್ಲ. 28ನೇ ವಾರ ಫೋರ್-ಡಿಯಲ್ಲಿ ಮುಖ ನೋಡಿ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೇ ಏನ್ರಿ?" ಅಂದಳು. ಹೆರಿಗೆಗೆ ಮೊದಲೇ ಧಾರವಾಡಕ್ಕೆ ಹೋಗಿ ಶಸ್ತ್ರಚಿಕಿತ್ಸಕರನ್ನು ಕಂಡು, ಹಾಲು ಕುಡಿಸುವ ಬಗೆ ಕಲಿತುಬಂದಿದ್ದಳು.