ಶುಗರ್ ಮೇಪಲ್ ನೆಡುವುದೋ, ರೆಡ್ ಮೇಪಲ್ ನೆಡುವುದೋ?

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೋ ಕೆನಡಾದ ಒಂಟಾರಿಯೊದಲ್ಲೋ ನೆಲೆಸಿ, ಹಿತ್ತಲಿಗೆ ನೆರಳೂ ಬೇಕು, ಎಲೆ ಉದುರುವ ಮುನ್ನ ಬಣ್ಣವೂ ಬೇಕು ಎನ್ನುವವರ ಮುಂದೆ ಈ ಎರಡು ಮರಗಳಿರುತ್ತವೆ.

ಗುರುತಿಸಲು ಒಂದು ಎಲೆ ಸಾಕು. ಶುಗರ್ ಮೇಪಲ್ ಎಲೆಯ ಹಾಲೆಗಳ ನಡುವಿನ ಕಚ್ಚು ದುಂಡಗಿರುತ್ತದೆ, ಅಂಚು ನಯ. ರೆಡ್ ಮೇಪಲ್‌ನಲ್ಲಿ ಕಚ್ಚು ಚೂಪು, ಅಂಚಿನುದ್ದಕ್ಕೂ ಗರಗಸದಂಥ ಸಣ್ಣ ಹಲ್ಲುಗಳು, ತೊಟ್ಟು ಹೆಚ್ಚಾಗಿ ಕೆಂಪು. ಎಲೆಯಿಲ್ಲದ ಚಳಿಗಾಲದಲ್ಲಿ ಮೊಗ್ಗು ನೋಡಿ: ಮೊದಲನೆಯದಕ್ಕೆ ಕಂದು ಬಣ್ಣದ ಮೊನಚು ಮೊಗ್ಗು, ಎರಡನೆಯದಕ್ಕೆ ಕೆಂಪು ಮೊಂಡು ಮೊಗ್ಗು.

ಆಯ್ಕೆಯನ್ನು ನಿಮ್ಮ ಮಣ್ಣಿಗೇ ಬಿಡಿ. ನೀರು ನಿಲ್ಲುವ ತಗ್ಗು ಜಾಗವಾದರೆ ರೆಡ್ ಮೇಪಲ್ ನೆಡಿ, ಬೇಗ ಬೆಳೆಯುತ್ತದೆ. ಆದರೆ ಕ್ಷಾರ ಮಣ್ಣಿನಲ್ಲಿ ಮ್ಯಾಂಗನೀಸ್ ಸಿಗದೆ ಅದರ ಎಲೆ ಹಳದಿಗಟ್ಟುತ್ತದೆ. ಬೀಜದ ಸಸಿಗಳ ಬಣ್ಣವೂ ಒಂದೇ ತೆರನಲ್ಲ, ಕೆಂಪೇ ಬೇಕೆಂದರೆ ‘ಅಕ್ಟೋಬರ್ ಗ್ಲೋರಿ’ಯಂಥ ಕಸಿ ತಳಿ ಕೇಳಿ. ಪಕ್ಕದಲ್ಲಿ ಕುದುರೆ ಸಾಕಿದ್ದರೆ ಈ ಮರ ಬೇಡವೇ ಬೇಡ. ಬಾಡಿದ ಎಲೆ ಅವಕ್ಕೆ ವಿಷ.

ನೀರು ಬಸಿಯುವ ಫಲವತ್ತಾದ ಮಣ್ಣು, ವಿಶಾಲ ಜಾಗ, ತಾಳ್ಮೆ ಮೂರೂ ಇದ್ದರೆ ನನ್ನ ಮತ ಶುಗರ್ ಮೇಪಲ್‌ಗೆ. ಅದರ ಕಿತ್ತಳೆ ಬಣ್ಣಕ್ಕೆ ಸಾಟಿಯಿಲ್ಲ. ರಸ್ತೆಯಂಚು ಮಾತ್ರ ಬೇಡ: ಹಿಮ ಕರಗಿಸಲು ಸುರಿಯುವ ಉಪ್ಪನ್ನು ಅದು ತಾಳಲಾರದು.