ನಾರ್ವೆಯ ಹುಲ್ಲು ಬೆಳೆಯೋ ಸೂರಿನ ಕೆಳಗೆ 8 ವರ್ಷ (5ಕ್ಕೆ 4 ಸ್ಟಾರ್)

2017ರಲ್ಲಿ ನಾನೂ ನನ್ನ ಹೆಂಡ್ತಿನೂ ನಾರ್ವೆಯ ಗುಡ್‌ಬ್ರಾನ್ಸ್‌ಡಾಲೆನ್ ಕಣಿವೇಲಿ ಒಂದು ಹಳೇ ಮರದ ದಿಮ್ಮಿ ಮನೆ ತಗೊಂಡ್ವಿ, ಇಲ್ಲಿಯವರು ಹ್ಯುತ್ತೆ ಅಂತಾರೆ, ರಜಕ್ಕೆ ಹೋಗಿ ಇರೋ ಮನೆ. ಸೂರಿನ ತುಂಬ ಹುಲ್ಲು. ವಿಡಿಯೋ ಕಾಲಲ್ಲಿ ತೋರಿಸಿದ್ರೆ ತೀರ್ಥಹಳ್ಳಿಯಿಂದ ಅಮ್ಮ "ಅಷ್ಟು ದುಡ್ಡು ಕೊಟ್ಟು ಪಾಳುಮನೆ ತಗೊಂಡ್ಯೇನೋ, ಆ ಹುಲ್ಲಾದ್ರೂ ಕೀಳ್ಸು ಮಾರಾಯ" ಅಂದ್ರು.

ತೋರ್ವ್‌ಟಾಕ್ ಅಂತ ಇದರ ಹೆಸರು. ನಾನು ಮೋಸ ಹೋಗಿದ್ದು ಎಲ್ಲಿ ಅಂದ್ರೆ, ನೀರು ತಡೆಯೋದು ಹುಲ್ಲೂ ಮಣ್ಣೂ ಅಂದ್ಕೊಂಡಿದ್ದೆ. ಆ ಕೆಲಸ ಮಾಡೋದು ಕೆಳಗಿರೋ ಬರ್ಚ್ ಮರದ ತೊಗಟೆ, ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪದರ ಪದರ ಹಾಕ್ತಾರೆ. ತೊಗಟೆನ ಹಾಗೇ ಬಿಟ್ರೆ ಸುರುಳಿ ಸುತ್ಕೊಳುತ್ತೆ, ಅದನ್ನ ಅದುಮಿ ಹಿಡಿಯೋಕೆ ಮಣ್ಣಿನ ಸಮೇತ ಕಿತ್ತ ಹುಲ್ಲಿನ ಹೆಂಟೆ ಎರಡು ಪದರ, ಕೆಳಗಿನದು ಹುಲ್ಲು ಕೆಳಗೆ ಮಾಡಿ ಬೋರಲಾಗಿ, ಮೇಲಿನದು ಹುಲ್ಲು ಮೇಲೆ. ಈಗಿನವರು ತೊಗಟೆ ಬದಲು ಮೈಯೆಲ್ಲ ಗುಳ್ಳೆ ಇರೋ ಪ್ಲಾಸ್ಟಿಕ್ ಶೀಟ್ ಹಾಕ್ತಾರೆ, ನಮ್ದೂ ಒಂದು ಕಡೆ ಅದೇ ಇದೆ.

ಭಾರ ಕೇಳಿದ್ರೆ ಗಾಬರಿ ಆಗುತ್ತೆ, ಚೆನ್ನಾಗಿ ನೆನೆದಾಗ ಚದರ ಮೀಟರಿಗೆ ಸುಮಾರು 250 ಕೆಜಿ, ನಮ್ಮ 60 ಚದರ ಮೀಟರ್ ಸೂರಿಗೆ 15 ಟನ್, ಅದರ ಮೇಲೆ ಚಳಿಗಾಲದ ಹಿಮ ಬೇರೆ. ಆದ್ರೆ ಆ ಭಾರವೇ ಗೋಡೆ ದಿಮ್ಮಿಗಳನ್ನ ಒತ್ತಿ ಒತ್ತಿ ಸಂದು ಮುಚ್ಚುತ್ತೆ, ಗಾಳಿ ಒಳಗೆ ನುಗ್ಗಲ್ಲ.

ಬೆಚ್ಚಗಿರುತ್ತಾ ಅಂತ ಎಲ್ರೂ ಕೇಳ್ತಾರೆ. ಒದ್ದೆ ಮಣ್ಣು ಅಂಥಾ ಕಂಬಳಿ ಏನಲ್ಲ, ಬೆಚ್ಚಗಿಡೋದು ಕೆಳಗೆ ತುಂಬಿರೋ ಗ್ಲಾಸ್ ವೂಲ್, ಹಿಮ ಜಾರದೆ ಮೇಲೆ ನಿಲ್ಲೋದ್ರಿಂದ ಅದೂ ಸ್ವಲ್ಪ. ಬೇಸಿಗೇಲಿ ಮಾತ್ರ ಒಳಗೆ ನಿಜವಾಗ್ಲೂ ತಂಪು. ಮತ್ತೆ ಸದ್ದು! ಊರಲ್ಲಿ ಶೀಟಿನ ಕೊಟ್ಟಿಗೆ ಕೆಳಗೆ ಮಳೆ ಬಂದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ, ಇಲ್ಲಿ ರಾತ್ರಿಯಿಡೀ ಸುರಿದ್ರೂ ಬೆಳಗ್ಗೆ ಬಾಗಿಲು ತೆಗೆದಾಗಲೇ ಗೊತ್ತಾಗೋದು. ನಾನು ಕೊಟ್ಟ 4 ಸ್ಟಾರಲ್ಲಿ 2 ಇದಕ್ಕೇ.

ಒಂದು ಸ್ಟಾರ್ ಕಟ್ ಮಾಡಿದ್ದು ಮೇಂಟೆನೆನ್ಸಿಗೆ. 2018ರ ಬೇಸಿಗೇಲಿ ದಕ್ಷಿಣ ನಾರ್ವೆಗೆ ಭಾರೀ ಬರ ಬಂತು, ಬಿಸಿಲು ಬೀಳೋ ಕಡೆ ಸೂರು ಒಣಗಿ ಕಂದು ಬಣ್ಣ, ಚಿಮಣಿ ಕಿಡಿ ಬಿದ್ರೆ ಏನ್ ಗತಿ ಅಂತ ಪೈಪ್ ಹಿಡಿದು ಸಂಜೆ ಸಂಜೆ ಮನೆಗೆ ನೀರು ಹಾಕ್ತಾ ನಿಂತಿದ್ದೆ, ಅಮ್ಮಂಗೆ ಇದನ್ನ ಹೇಳ್ಲೇ ಇಲ್ಲ. ಆಮೇಲೆ 2021ರಲ್ಲಿ ಸೂರಿನ ಅಂಚಲ್ಲಿ ಮಣ್ಣು ಜಾರದ ಹಾಗೆ ತಡೆಯೋ ದಿಮ್ಮಿ, ತೋರ್ವ್‌ಹಾಲ್ಡ್ ಅಂತಾರೆ, ಕೈಯಲ್ಲಿ ಹಿಡಿದ್ರೆ ಪುಡಿ ಆಗೋಷ್ಟು ಲಡ್ಡಾಗಿತ್ತು. ಹಿಂದಿನ ಮಾಲೀಕ ನೀರು ಹರಿದು ಹೋಗೋಕೆ ಕೆಳಗೆ ಸಂದೇ ಬಿಡದೆ ಕೂರಿಸಿದ್ದ. ತಗೊಳ್ಳೋರು ಮೊದಲು ಅದನ್ನ ಚೂರಿ ಚುಚ್ಚಿ ನೋಡಿ, ಆಮೇಲೆ ಮೇಲಿನ ಹೂವಿನ ಫೋಟೋ ತೆಗೀರಿ.

ದಿಮ್ಮಿ ಬದಲಾಯಿಸೋಕೆ ಅಕ್ಕಪಕ್ಕದವರು ಏಳು ಜನ ಬಂದ್ರು, ನಮ್ಮ ಕಡೆ ಮುಯ್ಯಾಳು ಅಂತೀವಲ್ಲ, ಇಲ್ಲಿ ಅದಕ್ಕೆ ದುಗ್ನಾಡ್ ಅಂತಾರೆ. ಕೂಲಿ ಇಲ್ಲ, ಊಟ ಹಾಕ್ಬೇಕು. ನನ್ನ ಹೆಂಡ್ತಿ ಚಿತ್ರಾನ್ನ ಮಾಡಿದ್ಲು, ಹಸಿಮೆಣಸು ಅರ್ಧಕ್ಕರ್ಧ ಕಮ್ಮಿ ಹಾಕಿ, ಆದ್ರೂ ಎಲ್ರ ಮೂಗು ಕೆಂಪು.

ಈ ವರ್ಷ ಉತ್ತರದ ಕಡೆ ಬರೀ ಪಾಚಿ, ಹುಲ್ಲು ಸೋತಿದೆ. ಜೊತೆಗೆ ನಾಲ್ಕು ಬರ್ಚ್ ಸಸಿ ಹುಟ್ಟಿವೆ, ಬೇರು ಕೆಳಗಿನ ಪದರಕ್ಕೆ ಇಳಿಯೋಕೆ ಮುಂಚೆ ಶನಿವಾರ ಏಣಿ ಹಾಕಿ ಕೀಳ್ಬೇಕು.